ಪ್ರಬಂಧವನ್ನು ಅಳಿಸಿದ್ದು ಯಾರು?

ಮಕ್ಕಳೇ, ಒಂದು ಒಗಟಿನಿಂದ ಶುರು ಮಾಡೋಣ.

ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಹತ್ತು-ಹದಿನೈದು ಕಂಪ್ಯೂಟರುಗಳಿವೆ ಅಂದುಕೊಳ್ಳಿ. ಮೂಲೆಯಲ್ಲಿ ಇನ್ನೊಂದಿದೆ. ಅದರ ಮುಂದೆ ಯಾರೂ ಕೂರುವುದಿಲ್ಲ, ಅದಕ್ಕೆ ಮಾನಿಟರ್ ಕೂಡ ಇಲ್ಲ. ಅದೇ ಸರ್ವರ್. ನೀವು ಯಾವ ಕಂಪ್ಯೂಟರಿನಲ್ಲಿ ಕೂತು ಬರೆದರೂ ಫೈಲು ಹೋಗಿ ಸೇರುವುದು ಅದರ ಡಿಸ್ಕಿಗೆ. ಅಲ್ಲಿ ‘ಸಂಚಿಕೆ’ ಅಂತ ಒಂದು ಫೋಲ್ಡರ್ ಇದೆ. ಏಳನೇ ತರಗತಿಯವರೆಲ್ಲ ಶಾಲಾ ಸಂಚಿಕೆಗೆ ಬರೆದದ್ದನ್ನು ಅದರಲ್ಲಿ ಹಾಕಬೇಕು. ನೀವು ಜಾಣರು. ಪ್ರಬಂಧವನ್ನು ಅಲ್ಲಿಟ್ಟು, ‘ಇದನ್ನು ನನ್ನ ಹೊರತು ಯಾರೂ ಓದಬಾರದು, ಯಾರೂ ತಿದ್ದಬಾರದು’ ಎಂದು ಸರ್ವರಿಗೆ ತಾಕೀತು ಮಾಡಿ ಮನೆಗೆ ಹೋದಿರಿ. ಮರುದಿನ ಬಂದು ನೋಡಿದರೆ ಪ್ರಬಂಧವೇ ಇಲ್ಲ!

ಯಾರೂ ನಿಮ್ಮ ಪಾಸ್‌ವರ್ಡ್ ಕದ್ದಿಲ್ಲ. ಸರ್ವರ್ ಕೆಟ್ಟಿಲ್ಲ. ಒಂದು ನಿಯಮವನ್ನೂ ಯಾರೂ ಮುರಿದಿಲ್ಲ. ನಿಮ್ಮದೇ ತರಗತಿಯ ಯಾರೋ ಒಬ್ಬರು, ಆ ಪ್ರಬಂಧದ ಒಂದಕ್ಷರವನ್ನೂ ಓದಲಾಗದವರು, ಅದನ್ನು ಅಳಿಸಿದ್ದಾರೆ. ಅದು ಹೇಗೆ ಸಾಧ್ಯ?

ಉತ್ತರಕ್ಕೆ ಸ್ವಲ್ಪ ತಡೆಯಿರಿ. ಮೊದಲು ಸರ್ವರ್ ಯೋಚಿಸುವ ರೀತಿ ತಿಳಿಯಬೇಕು.

ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡಾಗಲೇ ಈ ತಲೆನೋವು ಹುಟ್ಟಿದ್ದು. 1961ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು ಸಿಟಿಎಸ್ಎಸ್ ಎಂಬ ವ್ಯವಸ್ಥೆಯನ್ನು ನಡೆಸಿ ತೋರಿಸಿದರು. ಆಗಿನ ಕಂಪ್ಯೂಟರ್ ಒಂದು ದೊಡ್ಡ ಕೋಣೆ ತುಂಬುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಕೊಡುವ ಮಾತೇ ಇರಲಿಲ್ಲ. ಹಾಗಾಗಿ ಟೈಪ್‌ರೈಟರಿನಂಥ ಯಂತ್ರಗಳ ಮುಂದೆ ಬೇರೆ ಬೇರೆ ಜನ ಕೂತು, ಒಂದೇ ಕಂಪ್ಯೂಟರಿನಿಂದ ಕೆಲಸ ಮಾಡಿಸಿಕೊಳ್ಳುತ್ತಿದ್ದರು. ಎಲ್ಲರ ಫೈಲುಗಳೂ ಒಂದೇ ಡಿಸ್ಕಿನಲ್ಲಿ. ಯಾವುದು ಯಾರದು ಎಂದು ಗೊತ್ತಾಗಲು ಒಬ್ಬೊಬ್ಬರಿಗೂ ಒಂದು ಪಾಸ್‌ವರ್ಡ್ ಕೊಟ್ಟರು.

ಆಮೇಲೆ ಆದ ಎರಡು ಫಜೀತಿಗಳನ್ನು ಹೇಳಲೇಬೇಕು. ಅಲ್ಲಿ ಆಲನ್ ಶೆರ್ ಎಂಬ ಸಂಶೋಧಕರಿದ್ದರು. ಕಂಪ್ಯೂಟರಿನಲ್ಲಿ ತಮಗೆ ಸಿಗುತ್ತಿದ್ದ ಸಮಯ ಅವರಿಗೆ ಸಾಲುತ್ತಿರಲಿಲ್ಲ. 1962ರಲ್ಲಿ ಅವರು ಒಂದು ಕಾರ್ಡಿನಲ್ಲಿ ತೂತು ಹೊಡೆದು, ‘ಈ ಫೈಲನ್ನು ಅಚ್ಚು ಹಾಕಿಕೊಡಿ’ ಎಂದು ಕೋರಿಕೆ ಸಲ್ಲಿಸಿದರು. ಅದು ಎಲ್ಲರ ಪಾಸ್‌ವರ್ಡುಗಳಿದ್ದ ಫೈಲು! ಕಂಪ್ಯೂಟರ್ ಮರುಮಾತಿಲ್ಲದೆ ಅಚ್ಚು ಹಾಕಿಕೊಟ್ಟಿತು. ಇದು ನಡೆದ ಕೆಲವು ವರ್ಷಗಳ ಮೇಲೆ ವ್ಯವಸ್ಥೆ ನೋಡಿಕೊಳ್ಳುವವರಿಬ್ಬರು ಒಂದೇ ಫೋಲ್ಡರಿನಲ್ಲಿ ಒಂದೇ ಹೊತ್ತಿಗೆ ಕೆಲಸಕ್ಕೆ ಕೂತರು. ಒಬ್ಬರು ಆ ದಿನದ ಪ್ರಕಟಣೆ ಬರೆಯುತ್ತಿದ್ದರು, ಇನ್ನೊಬ್ಬರು ಪಾಸ್‌ವರ್ಡ್ ಫೈಲು ತಿದ್ದುತ್ತಿದ್ದರು. ಅವರು ಬಳಸುತ್ತಿದ್ದ ತಂತ್ರಾಂಶ ಎರಡನ್ನೂ ಒಂದೇ ಹೆಸರಿನ ತಾತ್ಕಾಲಿಕ ಫೈಲಿನಲ್ಲಿ ಇಟ್ಟುಕೊಂಡಿದ್ದರಿಂದ ಅದಲುಬದಲಾಗಿ ಹೋಯಿತು. ಆಮೇಲೆ ಲಾಗಿನ್ ಆದವರಿಗೆಲ್ಲ ‘ಇಂದಿನ ಪ್ರಕಟಣೆ’ಯ ಜಾಗದಲ್ಲಿ ಊರವರ ಪಾಸ್‌ವರ್ಡುಗಳೆಲ್ಲ ಸಾಲಾಗಿ ಅಚ್ಚಾಗಿ ಬಂದವು. ಕೊರ್ಬಾಟೊ ಅವರೇ ಮುಂದೆ ಟ್ಯೂರಿಂಗ್ ಪ್ರಶಸ್ತಿಯ ಭಾಷಣದಲ್ಲಿ ಈ ಕಥೆ ಹೇಳಿಕೊಂಡರು.

ಯಾರು ಬಂದಿದ್ದಾರೆ ಎಂದು ಬಾಗಿಲಲ್ಲಿ ಕೇಳಿದರೆ ಸಾಲದು, ಒಳಗೆ ಬಂದವರು ಯಾವ ಫೈಲಿಗೆ ಏನು ಮಾಡಬಹುದು ಎಂಬುದನ್ನೂ ಗೊತ್ತು ಮಾಡಬೇಕು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟಲು ಶುರು ಮಾಡಿದರು. ಕೆಲವೇ ವರ್ಷಗಳಲ್ಲಿ ಅದರಲ್ಲಿ ರೂಪುಗೊಂಡ ಅನುಮತಿಯ ಲೆಕ್ಕ ಎಷ್ಟು ಚಿಕ್ಕದು, ಎಷ್ಟು ಗಟ್ಟಿ ಅಂದರೆ, ಇವತ್ತಿನ ಲಿನಕ್ಸ್ ಸರ್ವರುಗಳಲ್ಲೂ ಅದೇ ನಡೆಯುತ್ತಿದೆ. ನಮ್ಮ ಶಾಲೆಯ ಸರ್ವರಿನಲ್ಲೂ ಲಿನಕ್ಸೇ ಇದೆ ಎಂದುಕೊಳ್ಳೋಣ.

ಆ ಲೆಕ್ಕ ಹೀಗಿದೆ. ಪ್ರತಿ ಫೈಲಿಗೂ ಒಬ್ಬರು ಮಾಲೀಕರು, ಒಂದು ಗುಂಪು. ಉಳಿದವರೆಲ್ಲ ‘ಇತರರು’. ಈ ಮೂರು ಬಗೆಯವರಿಗೆ ಮೂರು ಮೂರು ಪ್ರಶ್ನೆ: ಓದಬಹುದೇ? ಬರೆಯಬಹುದೇ? ನಡೆಸಬಹುದೇ? ನಡೆಸುವುದು ಅಂದರೆ ಆ ಫೈಲು ಒಂದು ಪ್ರೋಗ್ರಾಂ ಆಗಿದ್ದರೆ ಅದನ್ನು ಓಡಿಸುವುದು. ಒಟ್ಟು ಒಂಬತ್ತು ಪ್ರಶ್ನೆ, ಒಂದೊಂದಕ್ಕೂ ಹೌದು ಅಥವಾ ಇಲ್ಲ. ಹೌದು ಅಂದರೆ 1, ಇಲ್ಲ ಅಂದರೆ 0. ಒಂಬತ್ತು ಬಿಟ್‌ಗಳಲ್ಲಿ ಕೆಲಸ ಮುಗಿಯಿತು!

ಸರ್ವರ್ ಇವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತೋರಿಸುತ್ತದೆ. ನಾವು ನಮ್ಮ ಅನುಕೂಲಕ್ಕೆ ಓದುವುದಕ್ಕೆ ‘ಓ’, ಬರೆಯುವುದಕ್ಕೆ ‘ಬ’, ನಡೆಸುವುದಕ್ಕೆ ‘ನ’ ಎಂದಿಟ್ಟುಕೊಳ್ಳೋಣ. ಇಲ್ಲದ ಕಡೆ ಗೀಟು ಹಾಕೋಣ. ನಿಮ್ಮ ಪ್ರಬಂಧದ ಸಾಲು ಹೀಗಿತ್ತು:

ಓಬ- --- ---

ಮಾಲೀಕರಾದ ನಿಮಗೆ ಓದು, ಬರಹ ಎರಡೂ ಇವೆ. ಗುಂಪಿಗೂ ಇತರರಿಗೂ ಏನೂ ಇಲ್ಲ. ಎಲ್ಲ ಅನುಮತಿಯೂ ಇದ್ದರೆ ‘ಓಬನ ಓಬನ ಓಬನ’ ಎಂದಾಗುತ್ತದೆ. ಅಂಥ ಸಾಲು ಕಂಡರೆ ಎಚ್ಚರವಾಗಿರಿ. ಯಾಕೆಂದು ಆಮೇಲೆ ಹೇಳುತ್ತೇನೆ.

ಸರ್ವರ್ ನೋಡಿಕೊಳ್ಳುವವರು ಇದನ್ನು ಇಷ್ಟುದ್ದ ಹೇಳುವುದಿಲ್ಲ. ‘ಆರುನೂರು ಕೊಡು’, ‘ಆರುನೂರ ನಲವತ್ತು ಕೊಡು’ ಅನ್ನುತ್ತಾರೆ. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1. ಇರುವುದನ್ನೆಲ್ಲ ಕೂಡಿದರೆ ಒಬ್ಬೊಬ್ಬರಿಗೆ ಒಂದು ಅಂಕಿ. ಓದು ಮತ್ತು ಬರಹ ಅಂದರೆ 4+2, ಆರು. ಬರೀ ಓದು ಅಂದರೆ ನಾಲ್ಕು. 640 ಅಂದರೆ ಮಾಲೀಕರು ಓದಬಹುದು, ಬರೆಯಬಹುದು. ಗುಂಪಿನವರು ಓದಬಹುದು ಅಷ್ಟೇ. ಇತರರಿಗೆ ಏನೂ ಇಲ್ಲ. 1, 2, 3 ಎಂದು ಕೊಡದೆ 4, 2, 1 ಯಾಕೆ ಕೊಟ್ಟರು? ಕೂಡಿ ನೋಡಿ. 1, 2, 3 ಕೊಟ್ಟಿದ್ದರೆ ಮೊತ್ತ 3 ಬಂದಾಗ ಅದು 1+2 ಇರಬಹುದು, ಬರೀ 3 ಕೂಡ ಇರಬಹುದು. ಗೊಂದಲ. 4, 2, 1ರಲ್ಲಿ ಆ ಗೊಂದಲವೇ ಇಲ್ಲ. 5 ಬಂದರೆ ಅದು 4+1 ಮಾತ್ರ, ಬೇರೆ ದಾರಿಯೇ ಇಲ್ಲ. ಮೂರು ಅಂಕಿಗಳ ಇಂಥ ಜೋಡಣೆಗಳು ಒಟ್ಟು 8×8×8, ಅಂದರೆ 512.

ಸರ್ವರ್ ಈ ಪ್ರಶ್ನೆಗಳನ್ನು ಕೇಳುವುದಕ್ಕೂ ಒಂದು ಕ್ರಮವಿದೆ. ಮೊದಲು ‘ನೀವು ಮಾಲೀಕರೇ?’ ಎಂದು ನೋಡುತ್ತದೆ. ಹೌದಾದರೆ ಮೊದಲ ಅಂಕಿಯೊಂದನ್ನೇ ನೋಡಿ ತೀರ್ಮಾನಿಸಿಬಿಡುತ್ತದೆ, ಮುಂದಿನ ಅಂಕಿಗಳತ್ತ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ನಿಮ್ಮ ಫೈಲಿಗೆ 040 ಎಂದು ಕೊಟ್ಟರೆ ವಿಚಿತ್ರವೊಂದು ನಡೆಯುತ್ತದೆ. ಗುಂಪಿನವರೆಲ್ಲ ಅದನ್ನು ಓದಬಹುದು, ಮಾಲೀಕರಾದ ನೀವು ಮಾತ್ರ ಓದುವಂತಿಲ್ಲ! ಹೆದರಬೇಡಿ. ಅಂಕಿಯನ್ನು ಬದಲಾಯಿಸುವ ಹಕ್ಕು ಮಾಲೀಕರಿಗೆ ಯಾವಾಗಲೂ ಇರುತ್ತದೆ, ಮತ್ತೆ 640 ಮಾಡಿಕೊಂಡರಾಯಿತು.

ಈಗ ಒಗಟಿಗೆ ಬರೋಣ. ಫೋಲ್ಡರ್ ಅಂದರೆ ಒಳಗೆ ಫೈಲುಗಳನ್ನು ತುಂಬಿಸಿಟ್ಟ ಪೆಟ್ಟಿಗೆ ಎಂದು ನಾವು ಭಾವಿಸುತ್ತೇವೆ. ಪರದೆಯ ಮೇಲಿನ ಚಿತ್ರವೂ ಹಾಗೇ ಕಾಣುತ್ತದೆ. ನಿಜದಲ್ಲಿ ಫೋಲ್ಡರ್ ನಿಮ್ಮ ತರಗತಿಯ ಹಾಜರಿ ಪುಸ್ತಕದಂತೆ. ಅದರಲ್ಲಿರುವುದು ಹೆಸರುಗಳು, ಪ್ರತಿ ಹೆಸರಿನ ಎದುರು ಒಂದು ಸಂಖ್ಯೆ, ಅಷ್ಟೇ. ಮಕ್ಕಳು ಪುಸ್ತಕದೊಳಗೆ ಇರುವುದಿಲ್ಲವಲ್ಲ! ಹಾಗೆಯೇ ಫೈಲಿನ ಬರಹ ಡಿಸ್ಕಿನಲ್ಲಿ ಬೇರೆಲ್ಲೋ ಇರುತ್ತದೆ. ಆ ಸಂಖ್ಯೆ ಹಿಡಿದು ಹೋದರೆ ಫೈಲಿನ ವಿವರ ಸಿಗುತ್ತದೆ: ಮಾಲೀಕರು ಯಾರು, ಯಾವ ಗುಂಪು, ಒಂಬತ್ತು ಅನುಮತಿಗಳು, ಬರಹ ಡಿಸ್ಕಿನ ಯಾವ ಜಾಗದಲ್ಲಿದೆ ಎಂಬುದೆಲ್ಲ. ಈ ವಿವರದ ತುಣುಕಿಗೆ ಐನೋಡ್ ಎನ್ನುತ್ತಾರೆ. ಫೈಲಿನ ಬಗ್ಗೆ ಎಲ್ಲ ಬರೆದುಕೊಂಡಿರುವ ಐನೋಡಿನಲ್ಲಿ ಫೈಲಿನ ಹೆಸರೊಂದೇ ಇರುವುದಿಲ್ಲ. ಹೆಸರು ಫೋಲ್ಡರಿನಲ್ಲಿ ಮಾತ್ರ.

ಆದ್ದರಿಂದ ಫೈಲನ್ನು ಅಳಿಸುವುದೆಂದರೆ ಪುಸ್ತಕದಿಂದ ಆ ಹೆಸರನ್ನು ಹೊಡೆದುಹಾಕುವುದು. ಅದಕ್ಕೆ ಪುಸ್ತಕದಲ್ಲಿ ಬರೆಯುವ ಅನುಮತಿ ಬೇಕು, ಮಗುವಿನ ಅನುಮತಿ ಬೇಕಿಲ್ಲ. ಏಳನೇ ತರಗತಿಯವರೆಲ್ಲ ‘ಸಂಚಿಕೆ’ಗೆ ಫೈಲು ಹಾಕಬೇಕಲ್ಲ? ಹಾಗಾಗಿ ಮೇಷ್ಟ್ರು ಆ ಫೋಲ್ಡರಿಗೆ 770 ಕೊಟ್ಟಿದ್ದರು. ಹೆಸರು ಸೇರಿಸಲು ಬರುವವರಿಗೆ ಹೊಡೆಯಲೂ ಬರುತ್ತದೆ. ಒಬ್ಬ ಹುಡುಗ ಬಂದ, ಅಳಿಸುವ ಆಜ್ಞೆಯಾದ ‘ಆರ್‌ಎಂ’ ಎಂದು ಒತ್ತಿ ನಿಮ್ಮ ಫೈಲಿನ ಹೆಸರು ಕೊಟ್ಟ. ‘ಇದಕ್ಕೆ ಬರೆಯುವ ಅನುಮತಿ ನಿನಗಿಲ್ಲ. ಆದರೂ ತೆಗೆದುಹಾಕಲೇ?’ ಎಂಬ ಅರ್ಥದ ಪ್ರಶ್ನೆಯೊಂದು ಪರದೆಯ ಮೇಲೆ ಬಂತು. ಅದು ಬರೀ ಉಪಚಾರದ ಮಾತು. ‘ವೈ’ ಒತ್ತಿದ. ಪ್ರಬಂಧ ಹೋಯಿತು. ಅವನಿಗೆ ಅದನ್ನು ಓದಲು ಕೊನೆಗೂ ಆಗಲಿಲ್ಲ.

ಒಬ್ಬಳೇ ಹುಡುಗಿಯ ಹೆಸರು ತರಗತಿಯ ಪುಸ್ತಕದಲ್ಲೂ ಖೋ ಖೋ ತಂಡದ ಪುಸ್ತಕದಲ್ಲೂ ಇರಬಹುದಲ್ಲ? ಫೈಲಿಗೂ ಹಾಗೆ ಎರಡು ಫೋಲ್ಡರುಗಳಲ್ಲಿ ಎರಡು ಹೆಸರು ಇಡಬಹುದು. ಒಂದನ್ನು ಹೊಡೆದರೆ ಫೈಲಿಗೆ ಏನೂ ಆಗುವುದಿಲ್ಲ. ಕೊನೆಯ ಹೆಸರೂ ಹೋದ ಮೇಲೆಯೇ ಸರ್ವರ್ ಆ ಜಾಗವನ್ನು ಬೇರೆ ಫೈಲಿಗೆ ಕೊಡುವುದು.

ಹೆಸರಿನ ಮಾತು ಬಂತು, ಒಂದು ಸಣ್ಣ ಸುತ್ತು ಹೋಗಿ ಬರೋಣ. ಫೈಲಿಗೆ ಕನ್ನಡದಲ್ಲೇ ಹೆಸರಿಡಬಹುದು, ಧಾರಾಳವಾಗಿ ಇಡಿ. ಲಿನಕ್ಸಿನಲ್ಲಿ ಹೆಸರಿಗೆ ಸಾಮಾನ್ಯವಾಗಿ 255 ಬೈಟುಗಳ ಜಾಗವಿರುತ್ತದೆ. ಯುಟಿಎಫ್-8 ಎಂಬ ಬರಹದ ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ‘ಕನ್ನಡ’ ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ಅದು ಕ, ನ, ಒತ್ತಿಗೆ ಬೇಕಾದ ಅರ್ಧಾಕ್ಷರದ ಗುರುತು, ಮತ್ತೊಂದು ನ, ಡ ಎಂದು ಐದು ಚಿಹ್ನೆ, ಹದಿನೈದು ಬೈಟು. ಅಂದರೆ 85 ಚಿಹ್ನೆಗಳವರೆಗೆ ಹೆಸರಿಡಬಹುದು. ಈ ಯುಟಿಎಫ್-8 ಅನ್ನು 1992ರಲ್ಲಿ ರೂಪಿಸಿದವರು ರಾಬ್ ಪೈಕ್ ಮತ್ತು ಯುನಿಕ್ಸ್ ಕಟ್ಟಿದ ಅದೇ ಕೆನ್ ಥಾಂಪ್ಸನ್!

ಫೋಲ್ಡರಿಗೆ ‘ಓಬನ’ದ ಅರ್ಥವೇ ಬೇರೆ ಎಂದು ಈಗ ನೀವೇ ಊಹಿಸಿರುತ್ತೀರಿ. ‘ಓ’ ಇದ್ದರೆ ಹೆಸರುಗಳ ಪಟ್ಟಿ ಓದಬಹುದು. ‘ಬ’ ಇದ್ದರೆ ಹೆಸರು ಸೇರಿಸಬಹುದು, ತೆಗೆಯಬಹುದು, ಬದಲಿಸಬಹುದು. ಜೊತೆಗೆ ‘ನ’ವೂ ಇರಬೇಕು. ಫೋಲ್ಡರನ್ನು ‘ನಡೆಸು’ವುದೆಂದರೆ ಏನು ಬಂತು? ಅಲ್ಲಿ ‘ನ’ ಅಂದರೆ ನಡೆ, ಒಳಗೆ ಹಾದುಹೋಗು. ಫೈಲಿಗೆ ಎಷ್ಟೇ ಅನುಮತಿ ಕೊಟ್ಟರೂ ಅದರ ಮೇಲಿನ ಫೋಲ್ಡರಿನಲ್ಲಿ ‘ನ’ ಇಲ್ಲದಿದ್ದರೆ ಅಲ್ಲಿಗೆ ತಲುಪುವುದೇ ಆಗದು. ‘ಫೈಲಿಗೆ ಎಲ್ಲ ಕೊಟ್ಟಿದ್ದೇನೆ, ಆದರೂ ಅವಳಿಗೆ ತೆರೆಯುತ್ತಿಲ್ಲ’ ಎಂದು ಯಾರಾದರೂ ತಲೆ ಕೆರೆದುಕೊಂಡರೆ ಮೊದಲು ಮೇಲಿನ ಫೋಲ್ಡರುಗಳನ್ನು ನೋಡಲು ಹೇಳಿ.

ಸರಿ, ನಿಮ್ಮ ಪ್ರಬಂಧದಂಥವನ್ನು ಉಳಿಸುವುದು ಹೇಗೆ? ಎಲ್ಲರೂ ಹಾಕಬೇಕು, ಆದರೆ ತಮ್ಮದನ್ನು ಮಾತ್ರ ತೆಗೆಯಬೇಕು. ಒಂಬತ್ತು ಬಿಟ್‌ಗಳಲ್ಲಿ ಇದನ್ನು ಹೇಳಲು ಬರುವುದಿಲ್ಲ. ಅದಕ್ಕೇ ಮುಂದೆ ಇನ್ನೊಂದು ಅಂಕಿ ಇದೆ. ಅಲ್ಲಿಯೂ 4, 2, 1ರ ಆಟವೇ. 770ರ ಮುಂದೆ 1 ಸೇರಿಸಿ 1770 ಮಾಡಿದರೆ, ಆ ಫೋಲ್ಡರಿನಿಂದ ಒಂದು ಹೆಸರನ್ನು ಹೊಡೆಯುವ ಹಕ್ಕು ಆ ಫೈಲಿನ ಮಾಲೀಕರಿಗೆ ಉಳಿಯುತ್ತದೆ. ಫೋಲ್ಡರಿನ ಮಾಲೀಕರಾದ ಮೇಷ್ಟ್ರಿಗೂ ಉಳಿಯುತ್ತದೆ. ಇದನ್ನು ಸ್ಟಿಕಿ ಬಿಟ್ ಎನ್ನುತ್ತಾರೆ. ಲಿನಕ್ಸ್ ಸರ್ವರುಗಳಲ್ಲಿ ಎಲ್ಲ ಪ್ರೋಗ್ರಾಂಗಳೂ ತಾತ್ಕಾಲಿಕ ಫೈಲು ಇಡುವ ‘ಟೆಂಪ್’ ಎಂಬ ಫೋಲ್ಡರ್ ಇರುತ್ತದೆ. ಅದರ ಅನುಮತಿ 1777. ಆ 1 ಇಲ್ಲದಿದ್ದರೆ ಯಾರು ಯಾರ ಫೈಲನ್ನಾದರೂ ಅಳಿಸಿ ಸಂತೆಯಾಗುತ್ತಿತ್ತು.

ಒಂದು ಸರಿಯಾಯಿತು ಎನ್ನುವಷ್ಟರಲ್ಲಿ ಇನ್ನೊಂದು ದೂರು ಬರುತ್ತದೆ: ‘ಮೇಷ್ಟ್ರೇ, ಅವಳು ಹಾಕಿದ ಕವಿತೆ ನಮಗೆ ತೆರೆಯುತ್ತಲೇ ಇಲ್ಲ.’ ಹೊಸ ಫೈಲಿಗೆ ಮಾಲೀಕರ ಜೊತೆ ಗುಂಪೂ ಬೇಕಲ್ಲ? ಯಾರು ಬರೆದರೋ ಅವರ ಮುಖ್ಯ ಗುಂಪೇ ಫೈಲಿನ ಗುಂಪಾಗುತ್ತದೆ. ಉಬುಂಟುವಿನಂಥ ಲಿನಕ್ಸಿನಲ್ಲಿ ಆ ಮುಖ್ಯ ಗುಂಪಿನಲ್ಲಿ ಇರುವವರು ಅವರೊಬ್ಬರೇ! ಗುಂಪಿಗೆ ಓದುವ ಅನುಮತಿ ಕೊಟ್ಟರೂ ತರಗತಿಗೆ ಅದರಿಂದ ಏನೂ ಸಿಗುವುದಿಲ್ಲ. ಪರಿಹಾರ ಮುಂದಿನ ಅಂಕಿಯಲ್ಲಿ 2. ಅದು ಇದ್ದರೆ ಒಳಗೆ ಹುಟ್ಟುವ ಫೈಲುಗಳೆಲ್ಲ ಫೋಲ್ಡರಿನ ಗುಂಪನ್ನೇ ಪಡೆಯುತ್ತವೆ. ಎರಡೂ ಬೇಕೆಂದರೆ 2+1. ‘ಸಂಚಿಕೆ’ಗೆ ಕೊಡಬೇಕಾದದ್ದು 3770.

ಇಲ್ಲೊಂದು ಮೋಸ ಹೋಗುವ ಜಾಗವಿದೆ. ‘ಹುಟ್ಟುವ ಫೈಲು’ ಎಂದೆನಲ್ಲ, ಅದನ್ನು ಗಮನಿಸಿ. ಸರ್ವರಿನಲ್ಲೇ ಇರುವ ನಿಮ್ಮ ಸ್ವಂತ ಫೋಲ್ಡರಿನಿಂದ ಕವಿತೆಯನ್ನು ಕಾಪಿ ಮಾಡಿ ‘ಸಂಚಿಕೆ’ಗೆ ಹಾಕಿದರೆ ಅಲ್ಲಿ ಹೊಸ ಫೈಲು ಹುಟ್ಟುತ್ತದೆ, ತರಗತಿಯ ಗುಂಪು ಸಿಗುತ್ತದೆ. ಕಾಪಿ ಮಾಡದೆ ಕಟ್ ಮಾಡಿ ಹಾಕಿದರೆ, ಅದೇ ಡಿಸ್ಕಿನಲ್ಲಿ ಹಳೆಯ ಫೈಲು ಹಳೆಯ ಗುಂಪನ್ನೇ ಹೊತ್ತುಕೊಂಡು ಬರುತ್ತದೆ. ಒಂದೇ ಫೋಲ್ಡರಿನಲ್ಲಿ ಕೆಲವು ಫೈಲು ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ ಎಂಬ ಗೋಳಿನ ಹಿಂದೆ ಬಹಳ ಸಲ ಈ ಕಟ್-ಪೇಸ್ಟ್ ಇರುತ್ತದೆ.

ಇನ್ನು ಹೊಸ ಫೈಲಿಗೆ ಅನುಮತಿ ಎಷ್ಟು? ಅದನ್ನು ಯುಮಾಸ್ಕ್ ಎಂಬ ಇನ್ನೊಂದು ಸಂಖ್ಯೆ ತೀರ್ಮಾನಿಸುತ್ತದೆ. ಏನು ಕೊಡಬಾರದು ಎಂಬುದರ ಪಟ್ಟಿ ಅದು. ಸಾಮಾನ್ಯವಾಗಿ ಹೊಸ ಫೈಲು 666 ಕೇಳುತ್ತದೆ. ಯುಮಾಸ್ಕ್ 027 ಇದ್ದರೆ ಗುಂಪಿನಿಂದ ಬರಹವನ್ನು, ಇತರರಿಂದ ಎಲ್ಲವನ್ನೂ ಕಳೆದು 640 ಕೊಡುತ್ತದೆ. ತರಗತಿಯವರು ಓದುತ್ತಾರೆ, ಬರೆದವರು ಮಾತ್ರ ತಿದ್ದುತ್ತಾರೆ. ಸಂಚಿಕೆಗೆ ಇಷ್ಟು ಸಾಕು.

ಮಾಲೀಕರ ವಿಷಯದಲ್ಲೂ ಒಂದು ಸ್ವಾರಸ್ಯವಿದೆ. ಸರ್ವರಿಗೆ ನಿಮ್ಮ ಹೆಸರಿನಿಂದ ಆಗಬೇಕಾದ್ದು ಏನೂ ಇಲ್ಲ. ಐನೋಡಿನಲ್ಲಿ ಬರೆದಿರುವುದು ಒಂದು ಸಂಖ್ಯೆ, 1007 ಎಂದುಕೊಳ್ಳಿ. 1007 ಅಂದರೆ ಯಾರು ಎಂಬುದು ಬೇರೊಂದು ಪಟ್ಟಿಯಲ್ಲಿದೆ. ನೀವು ಹತ್ತನೇ ತರಗತಿ ಮುಗಿಸಿ ಹೋದಿರಿ, ಮೇಷ್ಟ್ರು ನಿಮ್ಮ ಖಾತೆ ತೆಗೆದರು, ಫೈಲುಗಳನ್ನು ತೆಗೆಯಲು ಮರೆತರು. ಮರುವರ್ಷ ಸೇರಿದ ಪುಟ್ಟ ಹುಡುಗನಿಗೆ ಅದೇ 1007 ಸಿಕ್ಕಿತು. ಮೊದಲ ದಿನವೇ ಅವನು ನಿಮ್ಮ ಹಳೆಯ ಫೈಲುಗಳಿಗೆಲ್ಲ ಮಾಲೀಕ! ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ತಂದ ಎನ್‌ಎಫ್‌ಎಸ್ ಎಂಬ ಹಂಚಿಕೆಯ ಕ್ರಮದಲ್ಲಿ ಕಂಪ್ಯೂಟರುಗಳು ಪರಸ್ಪರ ಹೇಳಿಕೊಳ್ಳುತ್ತಿದ್ದದ್ದೂ ಈ ಸಂಖ್ಯೆಗಳನ್ನೇ. ಒಂದು ಕಂಪ್ಯೂಟರಿನಲ್ಲಿ 1003 ನೀವು, ಇನ್ನೊಂದರಲ್ಲಿ 1003 ನಿಮ್ಮ ಗೆಳತಿ ಆಗಿದ್ದರೆ ಸರ್ವರಿಗೆ ನೀವಿಬ್ಬರೂ ಒಬ್ಬರೇ. ಅದಕ್ಕೇ ದೊಡ್ಡ ಸಂಸ್ಥೆಗಳಲ್ಲಿ ಬಳಕೆದಾರರ ಪಟ್ಟಿಯನ್ನು ಒಂದೇ ಕಡೆ ಇಡುತ್ತಾರೆ.

ಸಂಖ್ಯೆ 0 ಎಲ್ಲಕ್ಕಿಂತ ದೊಡ್ಡದು. ಅದು ರೂಟ್, ಅಂದರೆ ಸರ್ವರ್ ನೋಡಿಕೊಳ್ಳುವವರ ಖಾತೆ. ಓದಬಹುದೇ, ಬರೆಯಬಹುದೇ ಎಂಬ ಪ್ರಶ್ನೆಗಳನ್ನು ಸರ್ವರ್ ರೂಟ್‌ಗೆ ಕೇಳುವುದೇ ಇಲ್ಲ. ಲಿನಕ್ಸಿನಲ್ಲಿ ಒಂದು ಫೈಲಿನ ಮಾಲೀಕರನ್ನು ಬದಲಾಯಿಸುವುದೂ ರೂಟ್‌ಗೆ ಮೀಸಲು. ‘ನನ್ನ ಫೈಲನ್ನು ನಾನೇ ಇನ್ನೊಬ್ಬರಿಗೆ ಕೊಟ್ಟರೆ ಏನು ತಪ್ಪು?’ ಎಂದು ಕೇಳಬಹುದು. ಸರ್ವರಿನಲ್ಲಿ ಒಬ್ಬೊಬ್ಬರಿಗೂ ಇಷ್ಟಿಷ್ಟೇ ಜಾಗ ಎಂದಿರುತ್ತದೆ. ಒಬ್ಬ ಚತುರ ತನ್ನ ದೊಡ್ಡ ದೊಡ್ಡ ಸಿನಿಮಾ ಫೈಲುಗಳನ್ನೆಲ್ಲ ಪಕ್ಕದವನ ಹೆಸರಿಗೆ ಬರೆದರೆ? ಜಾಗ ಮುಗಿಯುವುದು ಪಾಪದ ಪಕ್ಕದವನದು.

ಶಾಲೆಯ ಕಂಪ್ಯೂಟರುಗಳಲ್ಲಿ ವಿಂಡೋಸ್ ಇದ್ದರೂ ಈ ಸರ್ವರ್ ಬಳಸಬಹುದು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ವಿದ್ಯಾರ್ಥಿಯಾಗಿದ್ದಾಗ ಬರೆಯತೊಡಗಿದ ಸಾಂಬಾ ಎಂಬ ತಂತ್ರಾಂಶ ಎರಡರ ನಡುವೆ ಕೂತು ಮಾತು ನಡೆಸುತ್ತದೆ. ವಿಂಡೋಸಿನದು ಬೇರೆ ಪದ್ಧತಿ; ಅಲ್ಲಿ ಯಾರು ಯಾರಿಗೆ ಏನೇನು ಎಂದು ಉದ್ದದ ಪಟ್ಟಿಯನ್ನೇ ಬರೆಯಬಹುದು. ಅಂಥ ಪಟ್ಟಿಯನ್ನು ಲಿನಕ್ಸಿನಲ್ಲೂ ಇಡಬಹುದು. ಆದರೆ ಒಂದು ತರಗತಿಗೆ ಒಂಬತ್ತೇ ಸಾಕು. ಪಟ್ಟಿ ಉದ್ದವಾದಷ್ಟೂ ಅದನ್ನು ಓದಿ ಅರ್ಥ ಮಾಡಿಕೊಳ್ಳುವವರು ಕಡಿಮೆ.

ಅಂದ ಹಾಗೆ, ಈ ಲೆಕ್ಕ ಶಾಲೆಯಲ್ಲಷ್ಟೇ ಇಲ್ಲ. ಮನೆಯ ಆಂಡ್ರಾಯ್ಡ್ ಫೋನಿನ ಒಳಗೆ ಓಡುತ್ತಿರುವುದೂ ಲಿನಕ್ಸಿನ ತಿರುಳೇ. ಅಲ್ಲಿ ಒಬ್ಬೊಬ್ಬ ಮನುಷ್ಯನ ಬದಲು ಒಂದೊಂದು ಆ್ಯಪ್‌ಗೂ ಒಂದೊಂದು ಸಂಖ್ಯೆ. ಸಾಮಾನ್ಯ ಆ್ಯಪ್‌ಗಳಿಗೆ ಅದು 10000ದಿಂದ ಶುರುವಾಗುತ್ತದೆ. ಆಟದ ಆ್ಯಪ್ ಒಂದು ಸಂಖ್ಯೆ, ಬ್ಯಾಂಕಿನ ಆ್ಯಪ್ ಇನ್ನೊಂದು. ಆಟದ ಆ್ಯಪ್ ಬ್ಯಾಂಕಿನ ಆ್ಯಪಿನ ಖಾಸಗಿ ಫೈಲುಗಳನ್ನು ಓದಲು ಹೋದರೆ ಅದು ‘ಇತರರು’. ಇತರರಿಗೆ ಅಲ್ಲಿ ಸೊನ್ನೆ.

ಇನ್ನು ಆ ‘ಓಬನ ಓಬನ ಓಬನ’, ಅಂದರೆ 777. ಯಾವುದೋ ಫೈಲು ತೆರೆಯದಿದ್ದಾಗ ‘ಎಲ್ಲಕ್ಕೂ 777 ಕೊಟ್ಟುಬಿಡು, ಸರಿಹೋಗುತ್ತದೆ’ ಎಂದು ಹೇಳುವವರು ನಿಮಗೆ ಸಿಕ್ಕೇ ಸಿಗುತ್ತಾರೆ. ಸರಿಹೋಗುವುದು ನಿಜ. ಆದರೆ ಆಮೇಲೆ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು, ಅಳಿಸಬಹುದು. ಹಿಂದೆ ಯಾವ ಫೈಲಿಗೆ ಯಾವ ಅಂಕಿ ಇತ್ತು ಎಂಬ ದಾಖಲೆಯೂ ಉಳಿಯುವುದಿಲ್ಲ. ನನ್ನ ಪ್ರಕಾರ ಅದು ಸೋಮಾರಿಗಳ ಪರಿಹಾರ. ಒಂಬತ್ತರಲ್ಲಿ ಯಾವುದು ಇಲ್ಲ ಎಂದು ಹುಡುಕಿ, ಹೆಚ್ಚಿನ ಸಲ ಒಂದೇ ಅಂಕಿ ಬದಲಿಸಬೇಕಾಗುತ್ತದೆ.

ಮುಂದಿನ ಲ್ಯಾಬ್ ಪೀರಿಯಡ್ಡಿನಲ್ಲಿ ಲಿನಕ್ಸ್ ಸಿಕ್ಕರೆ ಇದನ್ನು ಮಾಡಿ ನೋಡಿ. ಮೇಷ್ಟ್ರನ್ನು ಕೇಳಿಕೊಂಡು ನಿಮ್ಮದೇ ಒಂದು ಫೋಲ್ಡರ್ ಮಾಡಿ, ಒಳಗೆ ಒಂದು ಫೈಲು ಬರೆದಿಡಿ. ಫೋಲ್ಡರಿಗೆ ‘ನ’ ಮಾತ್ರ ಉಳಿಸಿ, ಅಂದರೆ 100 ಕೊಡಿ. ಈಗ ಒಳಗಿನ ಹೆಸರುಗಳ ಪಟ್ಟಿ ಕೇಳಿ. ಆಮೇಲೆ ಫೈಲಿನ ಹೆಸರನ್ನು ನೀವೇ ನೆನಪಿನಿಂದ ಟೈಪ್ ಮಾಡಿ ತೆರೆಯಿರಿ. ಎರಡಕ್ಕೂ ಸರ್ವರ್ ಕೊಡುವ ಉತ್ತರ ಒಂದೇ ಅಲ್ಲ. ಯಾಕೆಂದು ಪಕ್ಕದವರಿಗೆ ವಿವರಿಸಿ.